ಕೊಟ್ಟಿಗೆಯ ಮರದ ಕಂಬ

ಕೊಟ್ಟಿಗೆಯ ಮರದ ಕಂಬವು ದನದ ಕೊಟ್ಟಿಗೆ, ಮೇವಿನ ಶೆಡ್, ಟ್ರ್ಯಾಕ್ಟರ್ ಶೆಡ್ ಮುಂತಾದ ಕೃಷಿ ಕಟ್ಟಡಗಳಲ್ಲಿ ಚಾವಣಿಯ ಭಾರವನ್ನು ಹೊತ್ತು ನೆಲಕ್ಕೆ ಸಾಗಿಸುವ ಆಧಾರವಾಗಿದೆ. ಗೋಡೆಯ ಉದ್ದಕ್ಕೂ ಅಡಿಪಾಯ ಹಾಕದೆ, ಸಾಲಾಗಿ ಹೂಳಿದ ಕಂಬಗಳ ಮೇಲೆಯೇ ಇಂತಹ ಕಟ್ಟಡವನ್ನು ನಿಲ್ಲಿಸುವುದುಂಟು. ರಚನೆಯ ದೃಷ್ಟಿಯಿಂದ ಕಂಬಗಳಲ್ಲಿ ಎರಡು ಬಗೆಗಳಿವೆ. ಒಂದೇ ಮರದಿಂದ ತೆಗೆದದ್ದು ಇಡಿಕಂಬ. ಹಲವು ಹಲಗೆಗಳನ್ನು ಮೊಳೆಯಿಂದಲೋ ಅಂಟಿನಿಂದಲೋ ಒಂದಾಗಿಸಿದ್ದು ಪದರಕಂಬ ಅಥವಾ ಲ್ಯಾಮಿನೇಟೆಡ್ ಕಂಬ. ಸರಿಯಾದ ಅಳತೆಯಲ್ಲಿ ಮಾಡಿದರೆ ಇವೆರಡೂ ಚಾವಣಿಯ ಭಾರವನ್ನು ತಡೆಯಬಲ್ಲವು. ಆದರೆ ಹೂಳಿದ ಕಂಬದ ಆಯುಷ್ಯವು ಸಾಮಾನ್ಯವಾಗಿ ನೆಲಮಟ್ಟದಲ್ಲಿ ಮರ ಎಷ್ಟು ಕಾಲ ಕೊಳೆಯದೆ ಉಳಿಯುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ.

ನೆಲಮಟ್ಟದ ಕೊಳೆತ

ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ತೇವಾಂಶ ಮತ್ತು ಗಾಳಿ ಎರಡೂ ಬೇಕು. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಅವು ಬೆಳೆಯುವುದಿಲ್ಲ. ಕಂಬದ ಮೇಲ್ಭಾಗ ಒಣಗಿರುತ್ತದೆ. ಆಳದ ಮಣ್ಣಿನಲ್ಲಿ ಗಾಳಿ ಕಡಿಮೆ. ಎರಡೂ ಒಟ್ಟಿಗೆ ದೊರೆಯುವುದು ನೆಲದ ಮೇಲ್ಮೈಯ ಆಸುಪಾಸಿನಲ್ಲಿ. ಗಾಳಿ ಬೀಸಿದಾಗ ಹೂಳಿದ ಕಂಬದ ಮೇಲೆ ಹೆಚ್ಚಿನ ಬಾಗುವ ಒತ್ತಡ ಬೀಳುವುದೂ ಇದೇ ಭಾಗದ ಸಮೀಪದಲ್ಲಿ. ಗೆದ್ದಲು ಸಹ ಮಣ್ಣಿನಿಂದ ಮೇಲೇರುತ್ತದೆ. ದನದ ಕೊಟ್ಟಿಗೆಯಲ್ಲಿ ಗಂಜಲ ಮತ್ತು ತೊಳೆದ ನೀರು ಸೇರುವುದರಿಂದ ಬುಡವು ಬೇಸಿಗೆಯಲ್ಲಿಯೂ ಒದ್ದೆಯಾಗಿರುತ್ತದೆ. ಹೀಗಾಗಿ ಮೇಲೆ ಗಟ್ಟಿಯಾಗಿ ಕಾಣುವ ಕಂಬವು ಬುಡದಲ್ಲಿ ಟೊಳ್ಳಾಗಿ, ಬಿರುಗಾಳಿಗೆ ಮುರಿಯುವ ಅಪಾಯವಿರುತ್ತದೆ.

ಇಡಿಕಂಬ

ಇಡಿಕಂಬದ ಬಾಳಿಕೆಯು ಮರದ ಜಾತಿ ಹಾಗೂ ಅದರಲ್ಲಿರುವ ಚೇಗಿನ ಪ್ರಮಾಣವನ್ನು ಅನುಸರಿಸುತ್ತದೆ. ಚೇಗು ಎಂದರೆ ಬಲಿತ ಮರದ ಗಾಢಬಣ್ಣದ ಒಳಭಾಗ. ಹೊರಗಿನ ತಿಳಿಬಣ್ಣದ ರಸಕಾಷ್ಠವು ಯಾವ ಜಾತಿಯ ಮರದಲ್ಲಿಯೂ ಬಾಳಿಕೆ ಬರುವುದಿಲ್ಲ. ಭಾರತೀಯ ಮಾನಕ 401, ಚೇಗಿನ ತುಂಡುಗಳನ್ನು ಮಣ್ಣಿನಲ್ಲಿ ಹೂಳಿ ನಡೆಸಿದ ಪರೀಕ್ಷೆಗಳ ಆಧಾರದ ಮೇಲೆ ಮರಗಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ. ಸರಾಸರಿ 120 ತಿಂಗಳು ಅಥವಾ ಹೆಚ್ಚು ಬಾಳುವವು ಮೊದಲ ವರ್ಗಕ್ಕೆ, 60ರಿಂದ 120 ತಿಂಗಳೊಳಗಿನವು ಎರಡನೆಯ ವರ್ಗಕ್ಕೆ, 60 ತಿಂಗಳಿಗಿಂತ ಕಡಿಮೆ ಬಾಳುವವು ಮೂರನೆಯ ವರ್ಗಕ್ಕೆ ಸೇರುತ್ತವೆ. ತೇಗ (ಸಾಗುವಾನಿ) ಮೊದಲ ವರ್ಗದ್ದಾಗಿದೆ.

ದಪ್ಪ ಕಂಬ ಒಳಗಿನವರೆಗೆ ಒಣಗಲು ಬಹಳ ಕಾಲ ಬೇಕು. ಒಣಗುವಾಗ ಹೊರಪದರ ಮೊದಲು ಕುಗ್ಗುವುದರಿಂದ ಉದ್ದುದ್ದ ಬಿರುಕುಗಳು ಮೂಡುತ್ತವೆ. ಕೆಲವು ಕಂಬಗಳು ತಿರುಚಿಕೊಳ್ಳುತ್ತವೆ. ಸಂರಕ್ಷಕ ರಾಸಾಯನಿಕವು ರಸಕಾಷ್ಠಕ್ಕೆ ಸುಲಭವಾಗಿ ಇಳಿದರೂ ಚೇಗಿಗೆ ಇಳಿಯುವುದು ಕಷ್ಟ. ಸಂಸ್ಕರಣೆಯ ನಂತರ ಬಿರುಕು ಬಿಟ್ಟರೆ, ರಾಸಾಯನಿಕ ತಾಗದ ಒಳಭಾಗಕ್ಕೆ ಶಿಲೀಂಧ್ರ ಮತ್ತು ಗೆದ್ದಲುಗಳಿಗೆ ದಾರಿಯಾಗುತ್ತದೆ.

ಪದರಕಂಬ

ಅಂಟಿಸಿದ ಮರದ ತೊಲೆಗಳ ಆಧುನಿಕ ರೂಪವು ಜರ್ಮನಿಯ ಒಟ್ಟೊ ಹೆಟ್ಜರ್ 1906ರಲ್ಲಿ ಪಡೆದ ಪೇಟೆಂಟಿನೊಂದಿಗೆ ಬಳಕೆಗೆ ಬಂತು. ಅಮೆರಿಕದ ಕೃಷಿ ಕಟ್ಟಡಗಳಲ್ಲಿ ಮೂರು ಅಥವಾ ನಾಲ್ಕು ಹಲಗೆಗಳನ್ನು ಮೊಳೆಯಿಂದ ಜೋಡಿಸಿದ ಕಂಬಗಳೂ ಬಳಕೆಯಲ್ಲಿವೆ. ತೆಳು ಹಲಗೆ ಬೇಗ ಒಣಗುತ್ತದೆ. ರಾಸಾಯನಿಕವೂ ಅದರೊಳಗೆ ಆಳವಾಗಿ ಇಳಿಯುತ್ತದೆ. ಗಂಟು, ಬಿರುಕು ಮುಂತಾದ ದೋಷಗಳು ಒಂದೇ ಕಡೆ ಸೇರದೆ ಹಂಚಿಹೋಗುತ್ತವೆ. ಗಿಡ್ಡ ಹಲಗೆಗಳಿಂದ ಉದ್ದ ಕಂಬ ಮಾಡಬಹುದು. ಆಗ ಅಕ್ಕಪಕ್ಕದ ಪದರಗಳ ಕೂಡುಗಳು ಒಂದೇ ಎತ್ತರದಲ್ಲಿ ಬರಬಾರದು. ಸಂಸ್ಕರಿಸಿದ ಹಲಗೆಗಳನ್ನು ಬುಡಕ್ಕೆ ಮಾತ್ರ ಬಳಸಿ ವೆಚ್ಚ ಉಳಿಸುವುದೂ ಸಾಧ್ಯ.

ಪದರಕಂಬದ ಬಲವಿರುವುದು ಜೋಡಣೆಯಲ್ಲಿ. ಸಮ ದಪ್ಪದ ಮೂರು ಹಲಗೆಗಳನ್ನು ಬಂಧಿಸದೆ ಒತ್ತಿಟ್ಟರೆ, ದಪ್ಪದ ದಿಕ್ಕಿನಲ್ಲಿ ಬಾಗುವಿಕೆಯನ್ನು ತಡೆಯುವ ಬಿಗುವು ಅಷ್ಟೇ ಅಳತೆಯ ಇಡಿಕಂಬದ ಒಂಬತ್ತನೆಯ ಒಂದು ಭಾಗ ಮಾತ್ರ ಇರುತ್ತದೆ. ಮೊಳೆ ಹೊಡೆದಾಗ ಇದು ಸುಧಾರಿಸಿದರೂ ಪದರಗಳು ಅಲ್ಪಸ್ವಲ್ಪ ಜಾರುತ್ತವೆ. ಆದ್ದರಿಂದ ಗಾಳಿಯ ಒತ್ತಡವು ಹಲಗೆಗಳ ಅಗಲದ ದಿಕ್ಕಿನಲ್ಲಿ ಬರುವಂತೆ ಕಂಬವನ್ನು ನಿಲ್ಲಿಸಿ, ಇನ್ನೊಂದು ದಿಕ್ಕಿನಲ್ಲಿ ಅಡ್ಡಪಟ್ಟಿಗಳಿಂದ ಬಿಗಿಯಲಾಗುತ್ತದೆ. ತಾಮ್ರವಿರುವ ರಾಸಾಯನಿಕಗಳು ಸಾದಾ ಮೊಳೆಗಳಿಗೆ ತುಕ್ಕು ಹಿಡಿಸುವುದರಿಂದ ಸತುವಿನ ಲೇಪವಿರುವ ಮೊಳೆಗಳು ಬೇಕಾಗುತ್ತವೆ.

ಅಂಟಿನ ಆಯ್ಕೆಯೂ ಮುಖ್ಯ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಸತತ ತೇವದಲ್ಲಿ ಬಿಟ್ಟುಹೋಗುತ್ತದೆ. ಫೀನಾಲ್ ಅಥವಾ ರಿಸಾರ್ಸಿನಾಲ್ ಆಧಾರಿತ ಅಂಟುಗಳು ನೀರನ್ನು ತಡೆಯುತ್ತವೆ. ಪೀಠೋಪಕರಣಗಳಿಗೆ ಬಳಸುವ ಸಾಮಾನ್ಯ ಬಿಳಿ ಅಂಟಿನಿಂದ ಜೋಡಿಸಿದ ಕಂಬವನ್ನು ನೆಲದಲ್ಲಿ ಹೂಳುವುದು ಅಪಾಯಕಾರಿ.

ಸಂಸ್ಕರಣೆ

ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿದ ಸಂರಕ್ಷಕವನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು ರೂಪಿಸಿದರು. ಇದನ್ನು ಒತ್ತಡದ ಮೂಲಕ ಮರದೊಳಗೆ ಇಳಿಸಿದರೆ ಮಳೆಗೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಆರ್ಸೆನಿಕ್ ವಿಷಕಾರಿಯಾದ ಕಾರಣ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಇದರ ಬಳಕೆಯನ್ನು 2003ರ ಅಂತ್ಯದಲ್ಲಿ ತಯಾರಕರು ಸ್ವತಃ ನಿಲ್ಲಿಸಿದರು. ದನಗಳು ನೆಕ್ಕುವ ಅಥವಾ ಮೇವು ತಾಗುವ ಕಡೆ ಇಂತಹ ಮರವನ್ನು ಬಳಸಬಾರದು. ಅದರ ಚೂರುಗಳನ್ನು ಒಲೆಗೆ ಹಾಕುವಂತಿಲ್ಲ. ಹೊಗೆ ಮತ್ತು ಬೂದಿ ಎರಡೂ ವಿಷಯುಕ್ತ. ಬೋರಿಕ್ ಆಮ್ಲ ಮತ್ತು ಬೊರಾಕ್ಸ್ ಮಿಶ್ರಣ ಅಷ್ಟು ಅಪಾಯಕಾರಿಯಲ್ಲ, ಆದರೆ ನೀರಿನಲ್ಲಿ ಕರಗಿ ಹೋಗುವುದರಿಂದ ಮಣ್ಣಿಗೆ ತಾಗುವ ಭಾಗಕ್ಕೆ ಸಾಲದು. ಮರದ ಗುಣ ಹಾಗೂ ಸಂರಕ್ಷಣೆಯ ಕುರಿತ ಸಂಶೋಧನೆಯು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆಯುತ್ತದೆ.

ದಾವಣಗೆರೆ–ಹರಿಹರ ಪ್ರದೇಶದಲ್ಲಿ

ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ಅನೇಕ ಹಳ್ಳಿಗಳು ಭದ್ರಾ ನಾಲೆಯ ಅಚ್ಚುಕಟ್ಟಿಗೆ ಸೇರಿವೆ. ನೀರು ನಿಲ್ಲುವ ಗದ್ದೆಯಂಚಿನ ಜಾಗದಲ್ಲಿ ಹೂಳಿದ ಮರಕ್ಕೆ ಕೊಳೆಯುವ ಭಯ ಹೆಚ್ಚು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಿರಿಯುವುದರಿಂದ ಕಂಬ ಸಡಿಲಗೊಂಡು ವಾಲಬಹುದು.

ಈ ಭಾಗದಲ್ಲಿ ನೀಲಗಿರಿ ಮರ ಪರಿಚಿತ. ಹರಿಹರದ ಬಳಿ, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ನೀಲಗಿರಿಯಿಂದ ರೇಯಾನ್ ತಯಾರಿಕೆಯ ತಿರುಳನ್ನು ಉತ್ಪಾದಿಸುತ್ತದೆ. ನೀಲಗಿರಿಯ ಎಳೆಯ ಗಳಗಳು ನೇರವಾಗಿದ್ದರೂ ಅವುಗಳಲ್ಲಿ ರಸಕಾಷ್ಠವೇ ಹೆಚ್ಚು, ಕಡಿದ ಮೇಲೆ ತುದಿಗಳು ಸೀಳುತ್ತವೆ. ಸಂಸ್ಕರಿಸದೆ ಹೂಳಲು ಅವು ತಕ್ಕವಲ್ಲ.

ಕರ್ನಾಟಕದ ಹಳೆಯ ಮನೆಗಳಲ್ಲಿ ಮರದ ಕಂಬವನ್ನು ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿರುವುದು ಕಂಡುಬರುತ್ತದೆ. ಇದರಿಂದ ಬುಡ ಒಣಗಿಯೇ ಇರುತ್ತದೆ. ಭಾರವಾದ ಹೆಂಚು ಅಥವಾ ಮಣ್ಣಿನ ಮಾಳಿಗೆಗೆ ಈ ಕ್ರಮ ಒಗ್ಗುತ್ತದೆ. ಹಗುರವಾದ ತಗಡಿನ ಚಾವಣಿಯನ್ನು ಗಾಳಿ ಮೇಲಕ್ಕೆತ್ತುವುದರಿಂದ, ಪೀಠದ ಮೇಲೆ ಬರಿದೆ ನಿಂತ ಕಂಬ ಕಿತ್ತುಹೋಗಬಹುದು. ಕಾಂಕ್ರೀಟ್ ಪೀಠದಲ್ಲಿ ಕೂರಿಸಿದ ಕಬ್ಬಿಣದ ಪಟ್ಟಿಗಳಿಗೆ ಬೋಲ್ಟ್ ಹಾಕಿ ಕಂಬವನ್ನು ಬಿಗಿಯುವುದರಿಂದ ಈ ಎರಡೂ ತೊಂದರೆಗಳನ್ನು ತಪ್ಪಿಸಬಹುದು. ಆದರೆ ಇಂತಹ ಕಂಬವು ಹೂಳಿದ ಕಂಬದಂತೆ ತಾನಾಗಿಯೇ ವಾಲುವಿಕೆಯನ್ನು ತಡೆಯದು. ಕರ್ಣೀಯ ಅಡ್ಡಪಟ್ಟಿಗಳು ಅಗತ್ಯ.

ಆಯ್ಕೆ

ಬಲಿತ ಚೇಗಿನ ಮರ ಸಿಗುವಲ್ಲಿ, ಎತ್ತರ ಕಡಿಮೆ ಇರುವ ಕೊಟ್ಟಿಗೆಗೆ, ಬುಡವನ್ನು ಪೀಠದ ಮೇಲೆ ಒಣಗಿಟ್ಟ ಇಡಿಕಂಬ ಸಾಕಾಗುತ್ತದೆ. ಎತ್ತರದ ಶೆಡ್ಡಿಗೆ, ಅಥವಾ ಕಂಬವನ್ನು ಹೂಳಲೇಬೇಕಾದಾಗ, ಹಲಗೆಗಳನ್ನು ಒಣಗಿಸಿ ಒತ್ತಡದಿಂದ ಸಂಸ್ಕರಿಸಿ ಜೋಡಿಸಿದ ಪದರಕಂಬ ಹೆಚ್ಚು ಸೂಕ್ತ. ಸಂಸ್ಕರಿಸದ ಹಲಗೆಗಳ ಪದರಕಂಬವನ್ನು ಹೂಳಿದರೆ ಪದರಗಳ ನಡುವೆ ನೀರು ನಿಂತು, ಅದೇ ಜಾತಿಯ ಇಡಿಕಂಬಕ್ಕಿಂತ ಬೇಗ ಹಾಳಾಗುವ ಸಂಭವವಿರುತ್ತದೆ. ಯಾವ ಬಗೆಯಾದರೂ ಬುಡದ ಸುತ್ತ ನೀರು ಹರಿದುಹೋಗುವಂತೆ ಇಳಿಜಾರು ಕೊಡುವುದು ಮತ್ತು ಪ್ರತಿ ಮಳೆಗಾಲಕ್ಕೆ ಮೊದಲು ನೆಲಮಟ್ಟದಲ್ಲಿ ಮಣ್ಣು ಸರಿಸಿ ಚೂಪಾದ ಸಲಾಕೆಯಿಂದ ಚುಚ್ಚಿ ಪರೀಕ್ಷಿಸುವುದು ಅಗತ್ಯ. ಸಲಾಕೆ ಸಲೀಸಾಗಿ ಒಳಗಿಳಿದರೆ ಕಂಬವನ್ನು ಬದಲಿಸಬೇಕು.