ಡಿಐವೈ ಜೀವವಿಜ್ಞಾನ: ಕಲೆ–ವಿಜ್ಞಾನಗಳ ಮುಕ್ತ ಸಹಯೋಗದ ಇತಿಹಾಸ

ವಿಶ್ವವಿದ್ಯಾಲಯ, ಸಂಶೋಧನ ಸಂಸ್ಥೆ ಮತ್ತು ಔಷಧ ಕಂಪನಿಗಳ ಹೊರಗೆ, ಮನೆ, ಗ್ಯಾರೇಜು, ಕಲಾಶಾಲೆ, ಸಮುದಾಯ ಪ್ರಯೋಗಾಲಯಗಳಲ್ಲಿ ಜನ ತಾವೇ ಉಪಕರಣ ಕಟ್ಟಿಕೊಂಡು ನಡೆಸುವ ಜೀವವಿಜ್ಞಾನದ ಪ್ರಯೋಗಗಳಿಗೆ ಡಿಐವೈ ಜೀವವಿಜ್ಞಾನ ಎಂದು ಹೆಸರು. 'ನೀವೇ ಮಾಡಿ' ಎಂಬರ್ಥದ ಇಂಗ್ಲಿಷ್ ನುಡಿಗಟ್ಟಿನ ಮೊದಲಕ್ಷರಗಳೇ ಡಿಐವೈ. ಬಯೋಹ್ಯಾಕಿಂಗ್ ಎಂಬ ಪದವೂ ಚಾಲ್ತಿಯಲ್ಲಿದೆ. ಆದರೆ ಪಥ್ಯದಿಂದ ಹಿಡಿದು ಚರ್ಮದಡಿ ಚಿಪ್ ಕೂರಿಸಿಕೊಳ್ಳುವುದರ ತನಕ ಎಲ್ಲಕ್ಕೂ ಅದು ಹಬ್ಬಿರುವುದರಿಂದ ಈ ಲೇಖನದಲ್ಲಿ ಬಳಸಿಲ್ಲ.

ಈ ಚಳವಳಿಯ ಚರಿತ್ರೆಯನ್ನು ವಿಜ್ಞಾನದ ಕಡೆಯಿಂದಷ್ಟೇ ಬರೆದರೆ ಅರ್ಧ ಮಾತ್ರ ಸಿಕ್ಕುತ್ತದೆ. ಹವ್ಯಾಸಿಗಳು ಸಂಘ ಕಟ್ಟಿಕೊಳ್ಳುವ ಮೊದಲೇ ಕಲಾವಿದರು ಪೆಟ್ರಿ ತಟ್ಟೆ ಹಿಡಿದಿದ್ದರು. ಪ್ರಯೋಗಾಲಯದ ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಇಲ್ಲ ಎಂದು ಬಹಿರಂಗವಾಗಿ ಕೇಳಿದವರೂ ಅವರೇ, ಅದಕ್ಕಾಗಿ ಬೆಲೆ ತೆತ್ತವರೂ ಅವರೇ.

ಹಿನ್ನೆಲೆ

ಹವ್ಯಾಸಿ ಜೀವವಿಜ್ಞಾನ ಹೊಸದಲ್ಲ. ಬ್ಯಾಕ್ಟೀರಿಯಾಗಳನ್ನು ಮೊದಲು ಕಂಡ ಆಂಟನಿ ವಾನ್ ಲೀವೆನ್‌ಹಾಕ್ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ. ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ. ತಾನೇ ಮಾಡಿಕೊಂಡ ಮಸೂರದಡಿ ನೀರಿನ ಹನಿಯಿಟ್ಟು ಕಂಡದ್ದನ್ನು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಕಂಡದ್ದನ್ನು ಹೇಳಿದನೇ ಹೊರತು ಅತ್ಯುತ್ತಮ ಮಸೂರಗಳನ್ನು ಹೇಗೆ ಮಾಡಿದೆನೆಂದು ಹೇಳಲಿಲ್ಲ. ಹೇಳದೆಯೇ 1723ರಲ್ಲಿ ತೀರಿಕೊಂಡ. ಇಂದಿನ ಚಳವಳಿ ಅವನಿಂದ ಬೇರೆಯಾಗುವುದು ಇಲ್ಲಿಯೇ. ಹವ್ಯಾಸ ಹಳೆಯದು, ಮಾಡುವ ಬಗೆಯನ್ನು ಎಲ್ಲರ ಮುಂದೆ ಬಿಚ್ಚಿಡುವುದು ಹೊಸದು.

ಬಿಚ್ಚಿಡುವ ಈ ಅಭ್ಯಾಸ ಬಂದದ್ದು ಕಂಪ್ಯೂಟರ್ ಲೋಕದಿಂದ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿ, ತಂತ್ರಾಂಶದ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದೆಂಬ ತತ್ತ್ವವನ್ನು ನೆಲೆಗೊಳಿಸಿದ. 'ಓಪನ್ ಸೋರ್ಸ್' ಎಂಬ ಹೆಸರು ಬಂದದ್ದು 1998ರಲ್ಲಿ. ಅದೇ 1983ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾರಿ ಮಲ್ಲಿಸ್‌ಗೆ ಪಿಸಿಆರ್ ಹೊಳೆಯಿತು. ಕಾಯಿಸುವುದು, ಆರಿಸುವುದು, ಮತ್ತೆ ಕಾಯಿಸುವುದು: ಕಿಣ್ವದ ನೆರವಿನಿಂದ ಈ ಸುತ್ತನ್ನು ಮರುಕಳಿಸಿ ಡಿಎನ್‌ಎ ತುಣುಕೊಂದರ ಕೋಟ್ಯಂತರ ಪ್ರತಿಗಳನ್ನು ತೆಗೆಯುವ ವಿಧಾನ ಇದು. ಈ ಎರಡು ಸಂಗತಿಗಳು ಕೂಡಲು ಇಪ್ಪತ್ತು ವರ್ಷ ಬೇಕಾಯಿತು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂಐಟಿ) ಟಾಮ್ ನೈಟ್ 2003ರಲ್ಲಿ ಬಯೋಬ್ರಿಕ್ ಎಂಬ ಮಾನಕವನ್ನು ಮುಂದಿಟ್ಟರು. ಇಟ್ಟಿಗೆಗೆ ಇಟ್ಟಿಗೆ ಜೋಡಿಸುವಂತೆ ಡಿಎನ್‌ಎ ತುಣುಕುಗಳನ್ನು ಒಂದೇ ಬಗೆಯ ಅಂಚುಗಳಿಂದ ಬೆಸೆಯಬಹುದೆಂಬುದು ಅದರ ಹೂರಣ. ಆ ವರ್ಷದ ಜನವರಿಯಲ್ಲಿ ಅಲ್ಲಿ ಆರಂಭವಾದ ಪುಟ್ಟ ಕೋರ್ಸು ಮರುವರ್ಷ ಐದು ತಂಡಗಳ ಸ್ಪರ್ಧೆಯಾಗಿ, ಮುಂದೆ ಐಜೆಮ್ ಎಂಬ ಅಂತರರಾಷ್ಟ್ರೀಯ ಮೇಳವಾಗಿ ಬೆಳೆಯಿತು. ಸ್ಪರ್ಧಿಸುವ ತಂಡಗಳು ತಮ್ಮ ಟಿಪ್ಪಣಿ, ತಪ್ಪು, ಫಲಿತಾಂಶಗಳನ್ನು ಎಲ್ಲರಿಗೂ ಕಾಣುವಂತೆ ಬರೆದಿಡಬೇಕೆಂಬುದು ಅದರ ನಿಯಮ.

ಕಲಾವಿದರ ಪ್ರವೇಶ

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1936ರಲ್ಲೇ ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್ ತಳಿ ಬೆಳೆಸಿದ ಡೆಲ್ಫಿನಿಯಂ ಹೂಗಳನ್ನು ಪ್ರದರ್ಶಿಸಿತ್ತು. ಹೂವಿನ ಚಿತ್ರಗಳನ್ನಲ್ಲ, ಹೂಗಳನ್ನೇ. ಐವತ್ತು ವರ್ಷದ ಮೇಲೆ ಜೋ ಡೇವಿಸ್ ಎಂಬ ಕಲಾವಿದ ಹಾರ್ವರ್ಡಿನ ಜೀವವಿಜ್ಞಾನಿ ಡೇನಾ ಬಾಯ್ಡ್ ಜತೆ ಸೇರಿ, ಪ್ರಾಚೀನ ರೂನ್ ಲಿಪಿಯ ಒಂದು ಚಿಹ್ನೆಯನ್ನು ಡಿಎನ್‌ಎ ಅಕ್ಷರಗಳಿಗೆ ಇಳಿಸಿ ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಸೇರಿಸಿದ. 'ಮೈಕ್ರೋವೀನಸ್' ಎಂಬ ಆ ಕೃತಿಯನ್ನು ಬರಿಗಣ್ಣಿಗೆ ಕಾಣುವಂತಿಲ್ಲ.

ಕಲಾವಿದರು ಪ್ರಯೋಗಾಲಯದಲ್ಲಿ ನೆಂಟರಂತೆ ಬಂದುಹೋಗದೆ ಬೆಂಚಿನ ಮುಂದೆ ನಿಂತು ಕೆಲಸ ಕಲಿಯಲು ಅವಕಾಶ ಕೊಟ್ಟದ್ದು ಆಸ್ಟ್ರೇಲಿಯಾದ ಪರ್ತ್ ನಗರ. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಸಿಂಬಯಾಟಿಕಾ ಶುರುವಾಯಿತು. ಕಲಾವಿದರಾದ ಓರಾನ್ ಕ್ಯಾಟ್ಸ್ ಮತ್ತು ಇಯೋನಾಟ್ ಜುರ್ ಜತೆ ಜೀವಕೋಶ ವಿಜ್ಞಾನಿ ಮಿರಾಂಡಾ ಗ್ರೌಂಡ್ಸ್, ನರವಿಜ್ಞಾನಿ ಸ್ಟುವರ್ಟ್ ಬಂಟ್ ಅದರ ಹಿಂದಿದ್ದರು. ಕ್ಯಾಟ್ಸ್–ಜುರ್ ಜೋಡಿಯ 'ಬಲಿಯಿಲ್ಲದ ಚರ್ಮ' ಎಂಬ ಕೃತಿ ಗಾಜಿನ ಪಾತ್ರೆಯೊಳಗೆ ಜೀವಕೋಶಗಳಿಂದ ಬೆಳೆಸಿದ ಪುಟಾಣಿ ಕೋಟು. 2008ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಇಟ್ಟಾಗ ಅದು ಎಣಿಸಿದ್ದಕ್ಕಿಂತ ಬೇಗ ಬೆಳೆಯತೊಡಗಿತು. ಕೊನೆಗೆ ಪ್ರದರ್ಶನದ ಹೊಣೆ ಹೊತ್ತಿದ್ದ ಪಾವೊಲಾ ಆಂಟೊನೆಲ್ಲಿ ಅದಕ್ಕೆ ಹರಿಯುತ್ತಿದ್ದ ಪೋಷಕ ದ್ರವವನ್ನು ನಿಲ್ಲಿಸಬೇಕಾಯಿತು. ಬದುಕಿದ್ದ ಕಲಾಕೃತಿಯನ್ನು ಕೊಂದೆನೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಪ್ರಾಣಿಹಿಂಸೆಯಿಲ್ಲದ ಚರ್ಮದ ಬಗ್ಗೆ ಎಷ್ಟು ಭಾಷಣ ಮಾಡಿದ್ದರೂ ಈ ಕಳವಳ ಹುಟ್ಟುತ್ತಿರಲಿಲ್ಲ. ಕಣ್ಣೆದುರು ಬೆಳೆದ ಕೋಟಿನಿಂದಷ್ಟೇ ಅದು ಸಾಧ್ಯವಾಯಿತು.

ಬಫಲೋ ಪ್ರಕರಣ

ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕಲಾ ಪ್ರಾಧ್ಯಾಪಕರಾಗಿದ್ದ ಸ್ಟೀವ್ ಕರ್ಟ್ಜ್ 'ಕ್ರಿಟಿಕಲ್ ಆರ್ಟ್ ಎನ್ಸೆಂಬಲ್' ಎಂಬ ಕಲಾತಂಡದ ಸ್ಥಾಪಕರಲ್ಲೊಬ್ಬರು. ಅಂಗಡಿಯಿಂದ ತಂದ ಆಹಾರದಲ್ಲಿ ಕುಲಾಂತರಿ ಧಾನ್ಯವಿದೆಯೇ ಎಂದು ಪ್ರೇಕ್ಷಕರ ಎದುರೇ ಪರೀಕ್ಷಿಸುವಂಥ ಪ್ರದರ್ಶನಗಳನ್ನು ಈ ತಂಡ ನಡೆಸುತ್ತಿತ್ತು. 2004ರ ಮೇ ತಿಂಗಳ ಒಂದು ಬೆಳಿಗ್ಗೆ ಅವರ ಹೆಂಡತಿ ಹೋಪ್ ಹೃದಯ ವೈಫಲ್ಯದಿಂದ ನಿದ್ದೆಯಲ್ಲೇ ತೀರಿಕೊಂಡಿದ್ದರು. ಕರ್ಟ್ಜ್ ತುರ್ತು ಸೇವೆಗೆ ಕರೆ ಮಾಡಿದರು. ಬಂದವರ ಕಣ್ಣಿಗೆ ಪೆಟ್ರಿ ತಟ್ಟೆಗಳು, ಪ್ರಯೋಗದ ಸಲಕರಣೆಗಳು ಬಿದ್ದವು. ಎಫ್‌ಬಿಐ ಬಂತು, ರಕ್ಷಣಾ ಕವಚ ತೊಟ್ಟವರು ಮನೆ ಶೋಧಿಸಿದರು, ಪುಸ್ತಕ, ಕಂಪ್ಯೂಟರು, ಉಪಕರಣಗಳು ಮಾತ್ರವಲ್ಲ, ಹೆಂಡತಿಯ ದೇಹವನ್ನೂ ವಶಕ್ಕೆ ಪಡೆದರು.

ಸಿಕ್ಕಿದ್ದು ಶಾಲಾ ಕಾಲೇಜುಗಳಲ್ಲೂ ಬಳಸುವಂಥ ಬ್ಯಾಕ್ಟೀರಿಯಾ ಮಾದರಿಗಳು. ಜೈವಿಕ ಭಯೋತ್ಪಾದನೆಯ ಆರೋಪ ನಿಲ್ಲಲಿಲ್ಲ. ಬದಲಿಗೆ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ರಾಬರ್ಟ್ ಫೆರೆಲ್ 256 ಡಾಲರ್ ಬೆಲೆಯ ಆ ಮಾದರಿಗಳನ್ನು ತರಿಸಿಕೊಟ್ಟದ್ದನ್ನೇ ಹಿಡಿದು, ಅಂಚೆ ಮತ್ತು ತಂತಿ ಮೂಲಕ ವಂಚನೆ ಎಂಬ ಮೊಕದ್ದಮೆ ಹೂಡಲಾಯಿತು. ಕಾಯಿಲೆಯಿಂದ ನರಳುತ್ತಿದ್ದ ಫೆರೆಲ್ ಸಣ್ಣ ಅಪರಾಧವೊಂದನ್ನು ಒಪ್ಪಿಕೊಂಡರು. ಕರ್ಟ್ಜ್ ಒಪ್ಪಲಿಲ್ಲ. 2008ರ ಏಪ್ರಿಲ್‌ನಲ್ಲಿ ನ್ಯಾಯಾಧೀಶರು ಮೊಕದ್ದಮೆಯನ್ನು ವಜಾ ಮಾಡಿದರು. ನಾಲ್ಕು ವರ್ಷ ನಡೆದ ಈ ಪ್ರಕರಣ, ಮನೆಯಲ್ಲಿ ಸೂಕ್ಷ್ಮಜೀವಿ ಬೆಳೆಸುವ ಪ್ರತಿಯೊಬ್ಬರಿಗೂ ಎಚ್ಚರಿಕೆಯ ಗಂಟೆಯಾಯಿತು. ಮುಂದೆ ಹುಟ್ಟಿದ ಗುಂಪುಗಳು ಬಾಗಿಲು ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತೇವೆಂದು ಪಟ್ಟು ಹಿಡಿದದ್ದರ ಹಿಂದೆ ಆದರ್ಶದಷ್ಟೇ ಈ ನೆನಪೂ ಇದೆ.

ಸಮುದಾಯ ಪ್ರಯೋಗಾಲಯಗಳು

ಕರ್ಟ್ಜ್ ಮೊಕದ್ದಮೆ ವಜಾ ಆದ ಕೆಲವೇ ದಿನಗಳಲ್ಲಿ, 2008ರ ಮೇ ತಿಂಗಳಲ್ಲಿ, ಬಾಸ್ಟನ್ ಪಕ್ಕದ ಕೇಂಬ್ರಿಜ್‌ನ ಪಬ್ಬೊಂದರಲ್ಲಿ ಮೆಕೆಂಜಿ ಕೋವೆಲ್ ಮತ್ತು ಜೇಸನ್ ಬೋಬೆ ಕರೆದ ಸಭೆಯಲ್ಲಿ ಡಿಐವೈಬಯೋ ಎಂಬ ಸಂಘಟನೆ ರೂಪುಗೊಂಡಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2010ರ ಕೊನೆಗೆ ಜೆನ್‌ಸ್ಪೇಸ್, 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಯೋಕ್ಯೂರಿಯಸ್, ಪ್ಯಾರಿಸಿನಲ್ಲಿ ಲಾ ಪಯಾಸ್ ತೆರೆದವು. ಆಮ್‌ಸ್ಟರ್‌ಡ್ಯಾಮಿನ ವಾಗ್ ಸಂಸ್ಥೆ ಕಲಾವಿದರಿಗೂ ಸಾರ್ವಜನಿಕರಿಗೂ ಒಂದೇ ಪ್ರಯೋಗಾಲಯ ಮಾಡಿತು. ಜೆನ್‌ಸ್ಪೇಸ್‌ನಲ್ಲಿ ಕೆಲಸ ಕಲಿತ ಹೆದರ್ ಡ್ಯೂಯಿ-ಹ್ಯಾಗ್‌ಬೋರ್ಗ್ ಬೀದಿಯಲ್ಲಿ ಬಿದ್ದಿದ್ದ ಚ್ಯೂಯಿಂಗ್ ಗಮ್, ಸಿಗರೇಟು ತುಂಡು, ಕೂದಲುಗಳಿಂದ ಡಿಎನ್‌ಎ ತೆಗೆದು, ಅದರಿಂದ ಊಹಿಸಿದ ಅಪರಿಚಿತರ ಮುಖಗಳನ್ನು ತ್ರೀಡಿ ಮುದ್ರಣದಲ್ಲಿ ಕಡೆದು ತೂಗುಹಾಕಿದರು. ಆ ಮುಖಗಳು ಅಂದಾಜಿನವೇ. ಆದರೂ ಉಗಿದು ಬಿಸುಟ ಗಮ್ಮಿನಲ್ಲಿ ನಮ್ಮ ಗುರುತು ಉಳಿಯುತ್ತದೆಂಬ ಸಂಗತಿಯನ್ನು ಇಷ್ಟು ನೇರವಾಗಿ ಮನಗಾಣಿಸಿದ ಕೃತಿ ಇನ್ನೊಂದಿಲ್ಲ.

ಹ್ಯಾಕ್ಟೀರಿಯಾ, ಬೆಂಗಳೂರು, ಯೋಗ್ಯಕರ್ತ

ಕಲೆ, ವಿಜ್ಞಾನ, ಓಪನ್ ಸೋರ್ಸ್ ಈ ಮೂರೂ ನಿಜವಾಗಿ ಬೆರೆತದ್ದು ಹ್ಯಾಕ್ಟೀರಿಯಾ ಎಂಬ ಜಾಲದಲ್ಲಿ. ಹ್ಯಾಕ್, ಬ್ಯಾಕ್ಟೀರಿಯಾ ಪದಗಳ ಬೆಸುಗೆಯೇ ಈ ಹೆಸರು. 2009ರಲ್ಲಿ ಮ್ಯಾಡ್ರಿಡ್‌ನ ಮೀಡಿಯಾಲ್ಯಾಬ್-ಪ್ರಾದೊದಲ್ಲಿ ನಡೆದ ಕಮ್ಮಟದಲ್ಲಿ ಭೇಟಿಯಾದ ಮೂವರು ಇದನ್ನು ಕಟ್ಟಿದರು: ಬ್ರಿಟಿಷ್ ಕಲಾವಿದ ಆಂಡಿ ಗ್ರೇಸಿ, ಸ್ವಿಟ್ಜರ್ಲೆಂಡಿನ ಮಾರ್ಕ್ ದುಸೈಯರ್, ಬೆಂಗಳೂರಿನ ಯಶಸ್ ಶೆಟ್ಟಿ. ಇವರಲ್ಲಿ ದುಸೈಯರ್ ವಿಜ್ಞಾನದ ಹಿನ್ನೆಲೆಯವರು. ಪಾಠಗಳನ್ನು, ಸಲಕರಣೆ ಮಾಡುವ ಬಗೆಯನ್ನು ಚಿತ್ರಸಹಿತ ಬರೆದಿಟ್ಟು ಯಾರು ಬೇಕಾದರೂ ತಿದ್ದಿ ಬೆಳೆಸುವಂತೆ ಬಿಟ್ಟುಕೊಟ್ಟದ್ದು ಈ ಜಾಲದ ಮುಖ್ಯ ಕೆಲಸ.

ಅದೇ ವರ್ಷ ಬೆಂಗಳೂರಿನ ಸೃಷ್ಟಿ ಕಲೆ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು ಯಶಸ್ ಶೆಟ್ಟಿ ಅವರ ಮಾರ್ಗದರ್ಶನದಲ್ಲಿ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಮುಕುಂದ್ ತಟ್ಟೈ ಅವರ ನೆರವಿನಿಂದ ಐಜೆಮ್‌ಗೆ ಹೋದರು. ಅವರು ಎತ್ತಿಕೊಂಡದ್ದು ಔಷಧವನ್ನಲ್ಲ, ಇಂಧನವನ್ನಲ್ಲ. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯನ್ನು. ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. ಮನುಷ್ಯರ ಮೂಗು ಅದನ್ನು ಲಕ್ಷ ಕೋಟಿಯಲ್ಲಿ ಕೆಲವೇ ಪಾಲಿದ್ದರೂ ಗುರುತಿಸಬಲ್ಲದು. ಜಿಯೋಸ್ಮಿನ್ ತಯಾರಿಕೆಗೆ ಬೇಕಾದ ಕಚ್ಚಾ ಅಣು ಇ. ಕೋಲೈಯಲ್ಲಿ ಮೊದಲೇ ಇರುತ್ತದೆ. ಅದನ್ನು ಜಿಯೋಸ್ಮಿನ್ ಆಗಿ ತಿರುಗಿಸುವ ಕಿಣ್ವದ ಜೀನ್ ಒಂದನ್ನು ಸೇರಿಸಿದರೆ ಸಾಕೆಂಬುದು ಯೋಜನೆಯ ತಿರುಳು. ಬೇಸಿಗೆಯ ಕೊನೆಗೆ ಆ ವಾಸನೆಗಾಗಿ ಕಾಯುವ ಊರಿನ ಮಕ್ಕಳಿಗಲ್ಲದೆ ಇನ್ನಾರಿಗೆ ಇದು ಹೊಳೆದೀತು? ಜೀವವಿಜ್ಞಾನ ಓದದ ಈ ತಂಡ ಅಮೆರಿಕದ ವೇದಿಕೆಯಲ್ಲಿ ನಿಂತು, ಡಿಎನ್‌ಎ ತುಣುಕು ಜೋಡಿಸಿ ಜೀವಿಗಳನ್ನು ರೂಪಿಸುವ ಸಿಂಥೆಟಿಕ್ ಬಯಾಲಜಿ ಕೈಗಾರಿಕೆಯ ಲೆಕ್ಕಾಚಾರವಷ್ಟೇ ಅಲ್ಲ, ನೆನಪಿನ ಸಂಗತಿಯೂ ಆಗಬಹುದೆಂದು ತೋರಿಸಿತು. ಹ್ಯಾಕ್ಟೀರಿಯಾದ ಪ್ರಯೋಗ ಶಿಬಿರ 2013ರಲ್ಲಿ ಬೆಂಗಳೂರಿಗೇ ಬಂತು.

ಮರುವರ್ಷ ಆ ಶಿಬಿರ ಇಂಡೋನೇಷ್ಯಾದ ಯೋಗ್ಯಕರ್ತಕ್ಕೆ ಹೋಯಿತು. ಅಲ್ಲಿ ಈ ಕೆಲಸಕ್ಕೆ ಬೇರೆಯೇ ತುರ್ತು ಇತ್ತು. 2010ರಲ್ಲಿ ಸರ್ಕಾರ ಮದ್ಯದ ತೆರಿಗೆಯನ್ನು ತೀವ್ರವಾಗಿ ಏರಿಸಿದ ಮೇಲೆ ಕಳ್ಳಬಟ್ಟಿ ಹೆಚ್ಚಿ, ಮೆಥನಾಲ್ ಬೆರೆತ ಮದ್ಯ ಕುಡಿದು ಜನ ಸತ್ತರು. 'ಹೌಸ್ ಆಫ್ ನ್ಯಾಚುರಲ್ ಫೈಬರ್' ಎಂಬ ಕಲಾತಂಡ ಗಜಮದ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿಗಳನ್ನು ಜತೆಗೂಡಿಸಿಕೊಂಡು, ಸ್ಥಳೀಯ ಹಣ್ಣುಗಳಿಂದ ಅಪಾಯವಿಲ್ಲದಂತೆ ಹುದುಗು ಬರಿಸುವ ವಿಧಾನವನ್ನು ಜನರಿಗೆ ಕಲಿಸಿತು. ಹುದುಗುವ ಪಾತ್ರೆಗಳನ್ನೇ ಕಲಾಕೃತಿಯಾಗಿ ನಿಲ್ಲಿಸಿ ಗುಳ್ಳೆಗಳ ಸದ್ದು ಕೇಳಿಸಿತು. ಆ ಕೃತಿಗೆ 2011ರಲ್ಲಿ ಬರ್ಲಿನ್ನಿನ ಟ್ರಾನ್ಸ್‌ಮೀಡಿಯಾಲೆ ಪ್ರಶಸ್ತಿ ಸಂದಿತು. ಮರುವರ್ಷ ಯೋಗ್ಯಕರ್ತದಲ್ಲೇ ಹುಟ್ಟಿದ ಲೈಫ್‌ಪ್ಯಾಚ್ ತಂಡ ನದಿಯ ನೀರಿನಲ್ಲಿರುವ ಇ. ಕೋಲೈ ಪ್ರಮಾಣವನ್ನು ದಡದ ನಿವಾಸಿಗಳೇ ಅಳೆಯುವಂತೆ ಮಾಡಿತು.

ಸಲಕರಣೆಗಳು

ಹ್ಯಾಕ್ಟೀರಿಯಾದ ಮೊದಲ ಪಾಠ ವೆಬ್‌ಕ್ಯಾಮ್ ಸೂಕ್ಷ್ಮದರ್ಶಕ. ಅಗ್ಗದ ವೆಬ್‌ಕ್ಯಾಮ್ ಬಿಚ್ಚಿ ಅದರ ಮಸೂರವನ್ನು ತಿರುವುಮುರುವಾಗಿ ಕೂರಿಸಿದರೆ ಆಯಿತು. ದೂರದ ದೊಡ್ಡದನ್ನು ಚಿಕ್ಕದಾಗಿಸುತ್ತಿದ್ದ ಮಸೂರ ಹತ್ತಿರದ ಚಿಕ್ಕದನ್ನು ದೊಡ್ಡದಾಗಿಸುತ್ತದೆ. ಕೊಳದ ನೀರಿನ ಜೀವಿಗಳು ಕಂಪ್ಯೂಟರ್ ಪರದೆಯ ಮೇಲೆ ಓಡಾಡತೊಡಗುತ್ತವೆ, ಒಬ್ಬರಲ್ಲ, ಕೋಣೆಯಲ್ಲಿದ್ದ ಎಲ್ಲರೂ ಒಟ್ಟಿಗೆ ನೋಡುತ್ತಾರೆ. ಐರ್ಲೆಂಡಿನ ಕ್ಯಾಹಲ್ ಗಾರ್ವಿ ಕೈಡ್ರಿಲ್ಲಿನಂಥ ಡ್ರೆಮೆಲ್ ಯಂತ್ರಕ್ಕೆ ಸಿಕ್ಕಿಸುವ, ತ್ರೀಡಿ ಮುದ್ರಿಸಿದ ಚಕ್ರವೊಂದರಿಂದ, ದ್ರವವನ್ನು ವೇಗವಾಗಿ ತಿರುಗಿಸಿ ಅದರ ಅಂಶಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಮಾಡಿ ಅದರ ನಕ್ಷೆಯನ್ನು ಹಂಚಿದರು. ಟಿಟೊ ಜಂಕೋವ್ಸ್ಕಿ ಮತ್ತು ಜಾಶ್ ಪರ್ಫೆಟ್ಟೊ 2011ರಲ್ಲಿ ಹೊರತಂದ ಓಪನ್‌ಪಿಸಿಆರ್, ಸಾವಿರಾರು ಡಾಲರ್ ಬೀಳುತ್ತಿದ್ದ ಯಂತ್ರವನ್ನು 600 ಡಾಲರ್ ಆಸುಪಾಸಿಗೆ ಇಳಿಸಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಚಳವಳಿಯ ಹೊರಗಿನವರಾದರೂ ಅವರ ಕೆಲಸ ಇದರೊಳಗೆ ಸೇರಿಹೋಗಿದೆ. ಕಾಗದ ಮಡಿಸಿ ಮಾಡುವ ಅವರ ಫೋಲ್ಡ್‌ಸ್ಕೋಪ್ (2014) ತಯಾರಿಸಲು ಒಂದು ಡಾಲರಿಗಿಂತ ಕಡಿಮೆ ಖರ್ಚು. ದೊಡ್ಡ ಗುಂಡಿಗೆ ದಾರ ಪೋಣಿಸಿ ಎರಡೂ ಕೈಯಲ್ಲಿ ಎಳೆದು ಗಿರ್ರನೆ ತಿರುಗಿಸುವ ಆಟ ಆಡದವರು ಕಡಿಮೆ. ಅದೇ ತತ್ತ್ವದ ಕಾಗದದ ಸೆಂಟ್ರಿಫ್ಯೂಜ್ ನಿಮಿಷಕ್ಕೆ 1,25,000 ಸುತ್ತು ತಿರುಗಬಲ್ಲದೆಂದು ಅವರ ತಂಡ 2017ರಲ್ಲಿ ತೋರಿಸಿತು.

ವಿವಾದ, ಕಾನೂನು, ಸಂಹಿತೆ

2011ರಲ್ಲಿ ಲಂಡನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಸೇರಿದ ಗುಂಪುಗಳು ಪಾರದರ್ಶಕತೆ, ಸುರಕ್ಷತೆ, ಶಾಂತಿಯುತ ಬಳಕೆಗಳನ್ನು ಒಳಗೊಂಡ ನೀತಿ ಸಂಹಿತೆ ಬರೆದುಕೊಂಡವು. ಎರಡೇ ವರ್ಷದಲ್ಲಿ ಅದು ಪರೀಕ್ಷೆಗೆ ಬಂತು. ಕತ್ತಲಲ್ಲಿ ಹೊಳೆಯುವ ಗಿಡವೊಂದನ್ನು ಮಾಡಿ, ಹಣ ಕೊಟ್ಟವರಿಗೆ ಬೀಜ ಕಳಿಸುತ್ತೇವೆಂದ ಅಮೆರಿಕದ ತಂಡಕ್ಕೆ, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದ ಮೂಲಕ 2013ರಲ್ಲಿ 8,000ಕ್ಕೂ ಹೆಚ್ಚು ಜನರಿಂದ ಸುಮಾರು 4,84,000 ಡಾಲರ್ ಬಂತು. ಕುಲಾಂತರಿ ಬೀಜವನ್ನು ಊರೂರಿಗೆ ಹಂಚುವುದು ಸರಿಯೇ ಎಂಬ ಗದ್ದಲವೆದ್ದು, ಕಿಕ್‌ಸ್ಟಾರ್ಟರ್ ಇಂಥ ಉಡುಗೊರೆಗಳನ್ನೇ ನಿಷೇಧಿಸಿತು. ಗಿಡ ಭರವಸೆಯಂತೆ ಹೊಳೆಯಲಿಲ್ಲ, 2017ರಲ್ಲಿ ಯೋಜನೆ ನಿಂತಿತು. ಮುಕ್ತ ಎಂಬ ಮಾತಿಗೆ ಹೊಣೆ ಜೋಡಿಸದಿದ್ದರೆ ಏನಾಗುತ್ತದೆಂಬುದಕ್ಕೆ ಈ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆಯಿಲ್ಲ. 2015ರಲ್ಲಿ ಓಕ್‌ಲ್ಯಾಂಡಿನಲ್ಲಿ ಆರಂಭವಾದ ಓಪನ್ ಇನ್ಸುಲಿನ್ ಯೋಜನೆಯ ದಾರಿ ಬೇರೆ. ಮಧುಮೇಹಿಯಾದ ಆಂಟನಿ ಡಿ ಫ್ರಾಂಕೊ ಮತ್ತು ಸಂಗಡಿಗರು ಇನ್ಸುಲಿನ್ ತಯಾರಿಕೆಯ ವಿಧಾನವನ್ನು ಎಲ್ಲರದಾಗಿಸಲು ಹೊರಟರು.

ಜರ್ಮನಿಯಲ್ಲಿ ಪರವಾನಗಿಯಿಲ್ಲದ ಜಾಗದಲ್ಲಿ ಜೀನ್ ತಿದ್ದುವುದು ಅಪರಾಧ. 50,000 ಯೂರೊ ತನಕ ದಂಡ ಅಥವಾ ಮೂರು ವರ್ಷದ ತನಕ ಸೆರೆವಾಸವಾಗಬಹುದೆಂದು ಅಲ್ಲಿನ ಪ್ರಾಧಿಕಾರ 2017ರಲ್ಲಿ ನೆನಪಿಸಿತು. ಭಾರತದಲ್ಲಿ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ಬಂದ ನಿಯಮಗಳು ಇಂಥ ಕೆಲಸಕ್ಕೆ ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿಯಿಂದ ಹಿಡಿದು ಮೇಲಿನ ಸಮಿತಿಗಳ ತನಕ ಮೇಲ್ವಿಚಾರಣೆ ವಿಧಿಸುತ್ತವೆ. ಮನೆಯಲ್ಲಿ ಸೂಕ್ಷ್ಮದರ್ಶಕ ಕಟ್ಟಲು, ಮಣ್ಣು ನೀರು ಪರೀಕ್ಷಿಸಲು, ಹುದುಗು ಬರಿಸಲು ಈ ನಿಯಮಗಳ ಅಡ್ಡಿಯಿಲ್ಲ. ಜೀನ್ ತಿದ್ದಲು ಮಾನ್ಯತೆಯಿರುವ ಪ್ರಯೋಗಾಲಯವೇ ಬೇಕು. ಬೆಂಗಳೂರಿನ ಕಲಾವಿದ್ಯಾರ್ಥಿಗಳು ಸಂಶೋಧನ ಕೇಂದ್ರದ ಜತೆಗೂಡಿದ್ದರಿಂದಲೇ ಅವರ ಕೆಲಸ ಸಾಧ್ಯವಾಯಿತು.

ಅದೇ ಶಾಲೆಯ ತಂಡ 2011ರಲ್ಲಿ ಮತ್ತೆ ಐಜೆಮ್‌ಗೆ ಹೋದಾಗ ಹೊಸ ಜೀವಿಯನ್ನು ಮಾಡಹೊರಡಲಿಲ್ಲ. ಪ್ರಯೋಗಾಲಯಗಳಲ್ಲಿ ಮಾಡಿದ ಜೀವಿಗಳು ಈಗಾಗಲೇ ಹೊರಗೆ ಬಂದಿವೆಯೇ ಎಂದು ಕೇಳಿತು. ಬಯೋಬ್ರಿಕ್‌ನ ಮಾನಕ ತುಣುಕುಗಳನ್ನು ಹೊರಗಿನ ಪರಿಸರದ ಮಾದರಿಗಳಲ್ಲಿ ಪಿಸಿಆರ್ ಮೂಲಕ ಪತ್ತೆಹಚ್ಚುವ ಪ್ರೈಮರ್ ಎಂಬ ಪುಟ್ಟ ಡಿಎನ್‌ಎ ಎಳೆಗಳನ್ನು ರೂಪಿಸಿ, ಹುಡುಕುವ ವಿಧಾನವನ್ನು ಎಲ್ಲರಿಗೂ ಸಿಗುವಂತೆ ಬರೆದಿಟ್ಟಿತು.