ವಯಸ್ಕರ ಧೂಮಪಾನದ ಮನೋವಿಜ್ಞಾನ

ವಯಸ್ಕರ ಧೂಮಪಾನದ ಮನೋವಿಜ್ಞಾನವು, ಹಾನಿಯನ್ನು ಅರಿತೂ ವಯಸ್ಕರು ಸಿಗರೇಟು, ಬೀಡಿಗಳನ್ನು ಏಕೆ ಸೇದುತ್ತಾರೆ ಎಂಬುದರ ಅಧ್ಯಯನವಾಗಿದೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 8.8ರಷ್ಟು ಮಂದಿ ಧೂಮಪಾನಿಗಳು.

ನಿಕೋಟಿನ್ ಅವಲಂಬನೆ

ಹೊಗೆಯಲ್ಲಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪಿ, ಹಿತಾನುಭವಕ್ಕೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕವು ಬಿಡುಗಡೆಯಾಗುವಂತೆ ಮಾಡುತ್ತದೆ. ರಕ್ತದಲ್ಲಿ ನಿಕೋಟಿನ್ ಪ್ರಮಾಣವು ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ; ಆಗ ವ್ಯಸನಿಗಳಲ್ಲಿ ಚಡಪಡಿಕೆ, ಸಿಡುಕು ತಲೆದೋರುತ್ತವೆ. ಮತ್ತೊಂದು ಸಿಗರೇಟು ಇವನ್ನು ಶಮನಗೊಳಿಸುವುದರಿಂದ, ಧೂಮಪಾನವು ಮಾನಸಿಕ ಒತ್ತಡವನ್ನು ನೀಗಿಸುತ್ತದೆಂದು ಸೇದುವವರು ಭಾವಿಸುತ್ತಾರೆ. ವಾಸ್ತವವಾಗಿ ಅದು ನೀಗಿಸುವುದು ಬಹುಮಟ್ಟಿಗೆ ತಾನೇ ಉಂಟುಮಾಡಿದ ಚಡಪಡಿಕೆಯನ್ನು.

ಅಭ್ಯಾಸ ಮತ್ತು ಪರಿಸರ

ಪದೇ ಪದೇ ಸೇದಿದ ಸನ್ನಿವೇಶಗಳೇ ಮುಂದೆ ಬಯಕೆಯನ್ನು ಕೆರಳಿಸುತ್ತವೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಂತಹ ತಾಲ್ಲೂಕು ಕೇಂದ್ರಗಳಲ್ಲಿ ಟೀ ಅಂಗಡಿ, ಬಸ್ಸಿಗಾಗಿ ಕಾಯುವ ಹೊತ್ತು, ಗೆಳೆಯರ ಕೂಟ ಇವೆಲ್ಲ ಅಂತಹ ಸನ್ನಿವೇಶಗಳಾಗಬಹುದು. ಭಾರತದಾದ್ಯಂತ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮಗಳು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿವೆ.

ತ್ಯಜಿಸುವಿಕೆ

ಸೇದುವುದನ್ನು ಬಿಟ್ಟ ಮೊದಲ ವಾರದಲ್ಲಿ ತೀವ್ರವಾಗಿರುವ ಚಡಪಡಿಕೆಯು ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ತಗ್ಗುತ್ತದೆ. ಬಿಡಲು ಬಯಸುವವರಿಗೆ ರಾಷ್ಟ್ರೀಯ ಸಹಾಯವಾಣಿ 1800-11-2356ರಲ್ಲಿ ಉಚಿತ ಸಲಹೆ ದೊರೆಯುತ್ತದೆ.