ಎಳ್ಳಮಾವಾಸ್ಯೆಯ ಹೋಳಿಗೆ: ಭೀಮಾ–ಅಮರ್ಜಾ ಬಯಲಿನ ಚಳಿಗಾಲದ ಸಿಹಿರೊಟ್ಟಿಯ ಚರಿತ್ರೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಎಳ್ಳಮಾವಾಸ್ಯೆ ಎಂದರೆ ಊರಿಗೆ ಊರೇ ಹೊಲಕ್ಕೆ ಹೋಗುವ ಹಬ್ಬ. ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಬರುವ ಆ ದಿನ ಹೊಲದಲ್ಲಿ ಪಾಂಡವರೆಂದು ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಬೆಳೆಯ ನಡುವೆ ಚರಗ (ಹೊಲಕ್ಕೆ ಅರ್ಪಿಸುವ ಎಡೆ) ಚೆಲ್ಲುತ್ತಾರೆ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ, ಕಡುಬುಗಳ ಜೊತೆ ಎಳ್ಳಿನ ಹೋಳಿಗೆ, ಶೇಂಗಾ ಹೋಳಿಗೆ ಇರುತ್ತವೆ. ಹೊಲದ ಬೆಳೆ ಬದಲಾದಂತೆ ಈ ಹೋಳಿಗೆಯ ಹೂರಣವೂ ಬದಲಾಗಿದೆ, ಹಬ್ಬದಲ್ಲಿ ಅದಕ್ಕಿರುವ ಸ್ಥಾನ ಬದಲಾಗಿಲ್ಲ ಎಂಬುದು ಈ ಲೇಖನದ ಪ್ರತಿಪಾದನೆ.

ಗ್ರಂಥಗಳ ಸಾಕ್ಷ್ಯ

ನೆರೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಗೋಧಿಹಿಟ್ಟಿನ ಮಂಡಕ, ಪೋಲಿಕೆಗಳ ವಿವರಣೆಯಿದೆ. ಹಿಟ್ಟಿಗೆ ತುಪ್ಪ, ಉಪ್ಪು ಬೆರೆಸಿ ನಾದಿ, ಕೈಯಲ್ಲೇ ಹಿಗ್ಗಿಸಿ, ಕಾದ ಮಡಕೆಯ ಬೆನ್ನ ಮೇಲೆ ಮಂಡಕವನ್ನು ಬೇಯಿಸುತ್ತಿದ್ದರು. 1508ರಲ್ಲಿ ಮೂರನೆಯ ಮಂಗರಸ ರಚಿಸಿದ ‘ಸೂಪಶಾಸ್ತ್ರ’ದ ಮೊದಲ ಅಧ್ಯಾಯವೇ ಹಿಟ್ಟಿನ ತಿನಿಸುಗಳಿಗೆ ಮೀಸಲು. ಗೋಧಿಯ ಸಿಹಿರೊಟ್ಟಿ ಕನ್ನಡ ನಾಡಿಗೆ ಹಳೆಯದೆಂದು ಇವುಗಳಿಂದ ತಿಳಿಯುತ್ತದೆ. ಆದರೆ ಇವೆರಡೂ ಆಳುವವರು ಬರೆದ ಗ್ರಂಥಗಳು. ಒಕ್ಕಲಿನ ಮನೆಯ ಹೋಳಿಗೆಯ ಚರಿತ್ರೆಯನ್ನು ಹಂಗಾಮಿನಲ್ಲಿ ಹುಡುಕಬೇಕು.

ಹಂಗಾಮಿನ ಸಾಕ್ಷ್ಯ

ಮುಂಗಾರಿನಲ್ಲಿ ಬಿತ್ತಿದ ಎಳ್ಳು, ಸಜ್ಜಿ, ಶೇಂಗಾ ಎಳ್ಳಮಾವಾಸ್ಯೆಯ ಹೊತ್ತಿಗೆ ರಾಶಿಯಾಗಿ ಮನೆ ಸೇರಿರುತ್ತವೆ. ಎರೆಮಣ್ಣಿನ ಹಸಿಯನ್ನೇ ನಂಬಿದ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ಇನ್ನೂ ಹೊಲದಲ್ಲಿರುತ್ತವೆ. ಕೈಸೇರಿದ ಬೆಳೆಯಿಂದ ಅಡುಗೆ ಮಾಡಿ, ಕೈಸೇರಬೇಕಾದ ಬೆಳೆಗೆ ಉಣಿಸುವುದೇ ಚರಗ. ಹೂರಣಕ್ಕೆ ಎಳ್ಳು ಬಂದದ್ದು ಈ ಲೆಕ್ಕದಿಂದ.

ಪಾಕವೂ ಹಬ್ಬದ ಅಗತ್ಯಕ್ಕೆ ಹೊಂದಿದೆ. ಹುರಿದು ಕುಟ್ಟಿದ ಎಳ್ಳು ಅಥವಾ ಶೇಂಗಾಕ್ಕೆ ಬೆಲ್ಲ, ಏಲಕ್ಕಿ ಸೇರಿಸಿ, ನಾದಿದ ಕಣಕದೊಳಗೆ ತುಂಬಿ, ತೆಳ್ಳಗೆ ಲಟ್ಟಿಸಿ, ಹಂಚಿನ ಮೇಲೆ ಗರಿಯಾಗುವಂತೆ ಸುಡುತ್ತಾರೆ. ಎರಡೂ ಕಾಳುಗಳಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಹೂರಣ ನೀರಿಲ್ಲದೆ ಕೂಡಿಕೊಳ್ಳುತ್ತದೆ. ಬೇಯಿಸಿದ ಬೇಳೆಯ ಹೋಳಿಗೆ ಒಂದೆರಡು ದಿನದಲ್ಲಿ ಹಳಸಿದರೆ, ಇದು ವಾರ ಕಳೆದರೂ ಕೆಡದು. ಬಂಡಿಯಲ್ಲಿ ಹೊಲಕ್ಕೆ ಒಯ್ಯಲು, ಬೀಗರ ಊರಿಗೆ ಕಳಿಸಲು, ಸಂಕ್ರಾಂತಿಗೆ ಗಾಣಗಾಪುರದ ಸಂಗಮಕ್ಕೆ ಬುತ್ತಿ ಕಟ್ಟಲು ಇದೇ ಒದಗಿತು.

ಎಳ್ಳಿನಿಂದ ಶೇಂಗಾಕ್ಕೆ

ಎಳ್ಳು ಈ ನೆಲದ ಪ್ರಾಚೀನ ಬೆಳೆ. ಹರಪ್ಪದ ಉತ್ಖನನದಲ್ಲೂ ಕರಕಲಾದ ಎಳ್ಳು ಸಿಕ್ಕಿದೆ. ಶೇಂಗಾ ದಕ್ಷಿಣ ಅಮೆರಿಕದ್ದು, ಸ್ಪೇನ್, ಪೋರ್ಚುಗಲ್ ನಾವಿಕರ ಹಡಗುಗಳ ಕಾಲದಲ್ಲಿ ಖಂಡಗಳನ್ನು ದಾಟಿತು. ಈ ತಾಲ್ಲೂಕುಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಅದು 20ನೇ ಶತಮಾನದ ಮೊದಲರ್ಧದಲ್ಲಿ ಮುಖ್ಯ ವಾಣಿಜ್ಯ ಬೆಳೆಯಾಯಿತು. ಹಾಗಾಗಿ ಇಂದು ಪರಂಪರೆಯ ತಿನಿಸೆಂದು ಹೆಸರಾದ ಶೇಂಗಾ ಹೋಳಿಗೆ, ಎಳ್ಳಿನದಕ್ಕೆ ಹೋಲಿಸಿದರೆ ಈಚಿನದು.

ಚಳಿಗಾಲದ ಹಬ್ಬಕ್ಕೆ ಸಿಹಿರೊಟ್ಟಿ ಮಾಡುವುದು ನಮ್ಮಲ್ಲಷ್ಟೇ ಅಲ್ಲ. ಸ್ಪೇನಿನಲ್ಲೂ ಜನವರಿ 6ರ ಮೂರು ರಾಜರ ಹಬ್ಬಕ್ಕೆ ‘ರೋಸ್ಕೋನ್ ದೆ ರೆಯೆಸ್’ ಎಂಬ ಬಳೆಯಾಕಾರದ ಸಿಹಿರೊಟ್ಟಿ ಮಾಡುತ್ತಾರೆ. ಹಿಟ್ಟನ್ನು ಹುದುಗಿಸಿ, ಕಿತ್ತಳೆ ಹೂವಿನ ನೀರು ಬೆರೆಸಿ, ಮೇಲೆ ಸಕ್ಕರೆಪಾಕದ ಹಣ್ಣುಗಳನ್ನು ಜೋಡಿಸಿ ಓವನ್‌ನಲ್ಲಿ ಬೇಯಿಸುವ ಆ ರೊಟ್ಟಿಯೊಳಗೆ ಒಣ ಕಾಳೊಂದನ್ನು ಅಡಗಿಸುತ್ತಾರೆ. ಆ ಕಾಳು ಉಣ್ಣುವವರ ಅದೃಷ್ಟ ಹೇಳುತ್ತದೆ. ನಮ್ಮ ಹೋಳಿಗೆಯಲ್ಲಿ ಕಾಳೇ ಹೂರಣ, ಅದರ ಮೊದಲ ಪಾಲು ಹೊಲಕ್ಕೆ.

ಸಮಾರೋಪ

ಈಗ ಈ ಬಯಲನ್ನು ತೊಗರಿ ಆವರಿಸಿದೆ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು. ಅದು ಹೆಮ್ಮೆಯ ಸಂಗತಿ. ಆದರೆ ಅಕ್ಕಡಿಸಾಲಿನಲ್ಲಿ ಎಳ್ಳು ಬಿತ್ತುವುದು ಕಡಿಮೆಯಾದಷ್ಟೂ ಹೂರಣ ಅಂಗಡಿಯಿಂದ ಬರುತ್ತದೆ, ಚರಗದ ಲೆಕ್ಕ ತಪ್ಪುತ್ತದೆ. ಈ ಹೋಳಿಗೆಯ ಚರಿತ್ರೆಯನ್ನು ಕಾಪಾಡಿದವರು ಮನೆಯ ಹೆಣ್ಣುಮಕ್ಕಳು. ಅವರ ಪಾಕಕ್ರಮವನ್ನೂ ಊರೂರಿನ ಎಳ್ಳಿನ ತಳಿಗಳನ್ನೂ ಒಟ್ಟಿಗೇ ದಾಖಲಿಸಬೇಕು. ಬೀಜವನ್ನು ಬಿಟ್ಟು ಪಾಕವನ್ನಷ್ಟೇ ಬರೆದಿಟ್ಟರೆ ಅರ್ಧ ಚರಿತ್ರೆ ಮಾತ್ರ ಉಳಿದೀತು.